ಡಾಕ್ಟರ್ ಆನಂದೀಬಾಯಿ ಜೋಶಿ: ಔಷಧದಾನವೂ ಶಾಸ್ತ್ರದಾನವೂ ಕೂಡಿದ ಒಂದು ಬಾಳು

ಶ್ರಾವಕನ ನಿತ್ಯ ಷಟ್ಕರ್ಮಗಳಲ್ಲಿ ದಾನವೂ ಒಂದೆಂದು ನಮ್ಮ ಆಚಾರ್ಯರು ವಿಧಿಸಿದ್ದಾರೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಆ ದಾನವು ನಾಲ್ಕು ಬಗೆಯದು. ಕನ್ನಡ ನಾಡಿನ ಜೈನರಿಗೆ ಶಾಸ್ತ್ರದಾನವೆಂದೊಡನೆ ನೆನಪಾಗುವವಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆ ಮಹಾಸಾಧ್ವಿಯ ಕಥೆಯನ್ನು ಇಂತಹ ಸಂಚಿಕೆಗಳಲ್ಲಿ ಮತ್ತೆ ಮತ್ತೆ ಓದಿ ಧನ್ಯರಾಗಿದ್ದೇವೆ. ಔಷಧದಾನಕ್ಕೂ ನಮ್ಮಲ್ಲಿ ಕೊರತೆಯಿಲ್ಲ. ಆದರೆ ವೈದ್ಯವಿದ್ಯೆಯನ್ನು ಕಲಿಯುವ ಬಡ ವಿದ್ಯಾರ್ಥಿಗೆ ಕೊಟ್ಟ ಹಣವು ಯಾವ ದಾನಕ್ಕೆ ಸೇರಬೇಕು? ಅದು ಪುಸ್ತಕಕ್ಕೆ ಹೋಗುವಾಗ ಶಾಸ್ತ್ರದಾನ. ಆ ವಿದ್ಯಾರ್ಥಿ ರೋಗಿಯ ನಾಡಿ ಹಿಡಿಯುವಾಗ ಅದೇ ಔಷಧದಾನ. ಇವೆರಡೂ ಒಂದೇ ಕೈಯಿಂದ ಸಲ್ಲುವ ಸಂದರ್ಭ ಇದಕ್ಕಿಂತ ಬೇರೆ ಇರಲಾರದೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ಈ ವಿಚಾರವನ್ನು ಬಿಂಬಪ್ರತಿಷ್ಠೆಯ ಈ ಪವಿತ್ರ ಸಂದರ್ಭದಲ್ಲಿ ಧರ್ಮಬಂಧುಗಳ ಮುಂದಿಡಬೇಕೆಂದು ಯೋಚಿಸಿದಾಗ, ಜೈನಳಲ್ಲದ ಒಬ್ಬ ಮಹಿಳೆಯ ಜೀವನವೇ ನನ್ನ ಕಣ್ಣ ಮುಂದೆ ನಿಂತಿತು. ಗುಣವು ಎಲ್ಲಿದ್ದರೂ ಕಂಡು ಹರ್ಷಿಸುವುದೇ ಪ್ರಮೋದ ಭಾವನೆಯಾದುದರಿಂದ ಈ ಆಯ್ಕೆಗೆ ವಾಚಕರು ಆಕ್ಷೇಪವೆತ್ತಲಾರರೆಂದು ನಂಬಿದ್ದೇನೆ.

ಆನಂದೀಬಾಯಿಯವರು ಹುಟ್ಟಿದ್ದು 1865ನೆಯ ಇಸವಿ ಮಾರ್ಚ್ 31ರಂದು. ತವರಿನವರು ಇಟ್ಟ ಹೆಸರು ಯಮುನೆ. ಮುಂಬಯಿಗೆ ಸಮೀಪದ ಕಲ್ಯಾಣದಲ್ಲಿ ಅವರದು ಒಂದು ಕಾಲಕ್ಕೆ ಭೂಮಿಕಾಣಿಯಿದ್ದು ಆಮೇಲೆ ಸೊರಗಿದ ಬ್ರಾಹ್ಮಣ ಮನೆತನ. ಒಂಬತ್ತನೆಯ ವಯಸ್ಸಿನಲ್ಲಿ ಯಮುನೆಯ ವಿವಾಹವು ಗೋಪಾಲರಾವ್ ಜೋಶಿ ಎಂಬುವರೊಡನೆ ಜರುಗಿತು. ಅವರು ಅಂಚೆ ಇಲಾಖೆಯ ಗುಮಾಸ್ತರು, ವಿಧುರರು, ವಯಸ್ಸಿನಲ್ಲಿ ಹೆಚ್ಚು ಕಡಿಮೆ ಇಪ್ಪತ್ತು ವರ್ಷ ಹಿರಿಯರು. ಯಮುನೆಯನ್ನು ಆನಂದಿ ಎಂದು ಕರೆದವರು ಅವರೇ.

ಗೋಪಾಲರಾಯರ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದುವರಿಯುವಂತಿಲ್ಲ. ಹೆಂಡತಿ ಓದಬೇಕೆಂಬ ಹಟ ಆ ಮನುಷ್ಯನಿಗೆ ಎಷ್ಟಿತ್ತೆಂದರೆ, ಪಾಠವನ್ನು ಬಿಟ್ಟು ಅಡಿಗೆಮನೆ ಸೇರಿದರೆ ಆ ಬಾಲೆಗೆ ಪೆಟ್ಟು ಬೀಳುತ್ತಿತ್ತು. ಅಡಿಗೆ ಕೆಟ್ಟಿತೆಂದು ಹೊಡೆಯುವ ಗಂಡಂದಿರ ಕಾಲದಲ್ಲಿ ಓದಲಿಲ್ಲವೆಂದು ಹೊಡೆದ ಗಂಡನೆಂದು ಕೆಲವರು ಅವರನ್ನು ಹೊಗಳಿ ಬರೆದಿದ್ದಾರೆ. ಪೆಟ್ಟು ಯಾವ ಕಾರಣಕ್ಕೆ ಬಿದ್ದರೂ ಹಿಂಸೆಯೇ ಎಂದು ತಿಳಿದ ಜನ ನಾವು. ಆದುದರಿಂದ ಆ ಹೊಗಳಿಕೆಯಲ್ಲಿ ನಾನು ಪಾಲುಗೊಳ್ಳಲಾರೆ. ಆದರೂ ಆ ಹಟವಿಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲವೆಂಬುದನ್ನೂ ಒಪ್ಪಲೇಬೇಕು.

ಹದಿನಾಲ್ಕನೆಯ ವಯಸ್ಸಿನಲ್ಲಿ ಆನಂದಿಯವರಿಗೆ ಒಂದು ಗಂಡುಮಗು ಹುಟ್ಟಿತು. ಅದು ಬದುಕಿದ್ದು ಹತ್ತೇ ದಿನ. ತಕ್ಕ ವೈದ್ಯಸಹಾಯ ದೊರೆಯಲಿಲ್ಲ. ಅಂದಿನ ಸ್ಥಿತಿಯನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು. ಕುಲೀನ ಮನೆತನದ ಹೆಂಗಸು ಪುರುಷ ವೈದ್ಯನಿಗೆ ಮೈ ತೋರಿಸಲಾರಳು. ಸ್ತ್ರೀ ವೈದ್ಯರು ಎಲ್ಲೋ ಒಬ್ಬಿಬ್ಬರು, ಅವರೂ ಪರದೇಶದವರು. ಬಾಣಂತಿ ಮತ್ತು ಶಿಶುಗಳ ಪ್ರಾಣವು ಸೂಲಗಿತ್ತಿಯ ಅನುಭವ ಹಾಗೂ ದೈವದ ಕೈಯಲ್ಲಿತ್ತು. ಈ ದುಃಖದೊಳಗಿನಿಂದಲೇ ತಾನು ವೈದ್ಯಳಾಗಬೇಕೆಂಬ ಸಂಕಲ್ಪ ಅವರಲ್ಲಿ ಹುಟ್ಟಿತು. ಸಂಕಲ್ಪವೇನೋ ಸರಿ, ಹಣವೆಲ್ಲಿ? ಅಂಚೆ ಗುಮಾಸ್ತರ ಸಂಬಳದಲ್ಲಿ ಸಂಸಾರ ನಡೆಯುವುದೇ ಕಷ್ಟ.

ನೆರವಿಗಾಗಿ ಮೊದಲ ಪತ್ರ ಹೋದದ್ದು ನಮಗೆಲ್ಲ ಪರಿಚಿತವಾದ ಕೊಲ್ಲಾಪುರದಿಂದ, ನಮ್ಮ ಲಕ್ಷ್ಮೀಸೇನ ಭಟ್ಟಾರಕರ ಮಠವಿರುವ ಊರಿನಿಂದ. ಗೋಪಾಲರಾಯರು ಅಲ್ಲಿ ಕೆಲಸದ ಮೇಲಿದ್ದಾಗ, 1878ರಲ್ಲಿ, ಕೊಲ್ಲಾಪುರದಲ್ಲಿ ಬಹುಕಾಲ ಇದ್ದು ಅಮೆರಿಕಕ್ಕೆ ಮರಳಿದ್ದ ವೈಲ್ಡರ್ ಎಂಬ ಪಾದ್ರಿಗೆ ಬರೆದು, ಪತ್ನಿಯ ವಿದ್ಯಾಭ್ಯಾಸಕ್ಕೂ ತಮ್ಮ ಉದ್ಯೋಗಕ್ಕೂ ಆ ದೇಶದಲ್ಲಿ ಅನುಕೂಲವಾದೀತೇ ಎಂದು ವಿಚಾರಿಸಿದರು. ಬಂದ ಉತ್ತರದ ತಾತ್ಪರ್ಯವು ಕ್ರೈಸ್ತಮತವನ್ನು ಸ್ವೀಕರಿಸಿರಿ, ಆಮೇಲೆ ನೋಡೋಣ ಎಂಬಂತಿತ್ತು. ದಂಪತಿಗಳು ಒಪ್ಪಲಿಲ್ಲ. ಬಾಗಿಲು ಮುಚ್ಚಿತೆಂದೇ ಎಲ್ಲರೂ ಎಣಿಸಬಹುದಾಗಿತ್ತು.

ಆದರೆ ಆ ಪಾದ್ರಿಯವರು ಪತ್ರವನ್ನೂ ತಮ್ಮ ಉತ್ತರವನ್ನೂ ತಾವು ನಡೆಸುತ್ತಿದ್ದ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ನ್ಯೂಜೆರ್ಸಿ ಪ್ರಾಂತದ ರೋಸೆಲ್ ಎಂಬ ಊರಿನ ಥಿಯೋಡೀಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ 1880ರಲ್ಲಿ ಒಂದು ದಿನ ದಂತವೈದ್ಯರ ಬಳಿ ತಮ್ಮ ಸರದಿಗಾಗಿ ಕಾಯುತ್ತ ಕುಳಿತಾಗ ಆ ಹಳೆಯ ಸಂಚಿಕೆ ಕೈಗೆ ಸಿಕ್ಕಿತು. ಓದಿದವರು ಸುಮ್ಮನಿರಲಿಲ್ಲ. ತಾವಾಗಿಯೇ ಆನಂದೀಬಾಯಿಯವರಿಗೆ ಪತ್ರ ಬರೆದರು. ಅವರದು ಸಾಧಾರಣ ಗೃಹಸ್ಥ ಕುಟುಂಬ. ಮತದಲ್ಲಿ ಅವರೂ ಕ್ರೈಸ್ತರೇ. ಆದರೆ ಅವರು ನೀಡಹೊರಟ ಆಶ್ರಯಕ್ಕೆ ಯಾವ ನಿಬಂಧನೆಯೂ ಇರಲಿಲ್ಲ. ಪತ್ರಗಳು ವರ್ಷಗಟ್ಟಲೆ ನಡೆದು, ಒಬ್ಬರನ್ನೊಬ್ಬರು ಕಾಣದ ಈ ಇಬ್ಬರು ಸ್ತ್ರೀಯರು ಚಿಕ್ಕಮ್ಮ-ಮಗಳ ನಂಟನ್ನು ಬೆಳೆಸಿಕೊಂಡರು. ಆನಂದೀಬಾಯಿಯವರು ಕಲ್ಕತ್ತೆಯಲ್ಲಿ ತಲೆನೋವು, ನಿಶ್ಶಕ್ತಿ, ಆಗಾಗಿನ ಜ್ವರಗಳಿಂದ ನರಳುತ್ತಿದ್ದಾಗ ಕಾರ್ಪೆಂಟರ್ ಅವರು ಸಮುದ್ರದಾಚೆಯಿಂದ ಔಷಧಗಳನ್ನು ಕಳುಹಿಸಿದ್ದೂ ಉಂಟು. ಗುಣವಾಗಲಿಲ್ಲವೆಂಬುದು ಬೇರೆ ಮಾತು.

ಇಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ದಾನದ ಹೆಚ್ಚುಗಾರಿಕೆಯು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ಮೇಲೆ ನಿಂತಿದೆಯೆಂದು ತಿಳಿಸಿದ್ದಾರೆ. ದ್ರವ್ಯ ಎಷ್ಟೇ ದೊಡ್ಡದಿದ್ದರೂ ಕೊಡುವವನ ಮನಸ್ಸಿನಲ್ಲಿ ಪ್ರತಿಫಲದ ಆಸೆಯಿದ್ದರೆ ಅದು ದಾನವಾಗದೆ ವ್ಯಾಪಾರವಾಗುತ್ತದೆ. ವ್ಯಾಪಾರವನ್ನೇ ಕಸುಬಾಗಿಸಿಕೊಂಡ ನನ್ನಂಥವನಿಗೆ ಆ ವ್ಯತ್ಯಾಸವು ಬೇಗ ಕಣ್ಣಿಗೆ ಬೀಳುತ್ತದೆ. ಪಾದ್ರಿಯವರು ಸೂಚಿಸಿದ್ದು ಒಂದು ವ್ಯವಹಾರ. ರೋಸೆಲ್ಲಿನ ಗೃಹಿಣಿ ಮುಂದಿಟ್ಟದ್ದು ದಾನ. ಬಡ ವಿದ್ಯಾರ್ಥಿಗೆ ಈ ವ್ಯತ್ಯಾಸ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಅಷ್ಟರಲ್ಲಿ ಗೋಪಾಲರಾಯರಿಗೆ ಬಂಗಾಳದ ಸೀರಾಂಪುರಕ್ಕೆ ವರ್ಗವಾಗಿತ್ತು. ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಂತೆ ಥಾರ್ಬರ್ನ್ ಎಂಬ ವೈದ್ಯ ದಂಪತಿಗಳು ಸಲಹೆಯಿತ್ತರು. ಇಬ್ಬರೂ ಹೋಗಲು ಹಣ ಸಾಲದಾದುದರಿಂದ ಆನಂದೀಬಾಯಿಯವರು ಒಬ್ಬರೇ ಹೋಗುವುದೆಂದು ನಿಶ್ಚಯವಾಯಿತು. ಸುದ್ದಿ ಹರಡಿದ್ದೇ ತಡ, ಎಲ್ಲ ಕಡೆಯಿಂದ ವಿರೋಧವೆದ್ದಿತು. ಹದಿನೆಂಟೂ ತುಂಬದ ಬ್ರಾಹ್ಮಣ ಸ್ತ್ರೀ ಒಬ್ಬಳೇ ಸಮುದ್ರ ದಾಟುವುದೆಂದರೆ ಅಂದು ಕೇಳರಿಯದ ಸಂಗತಿ. ಆಗ ಅವರು 1883ರ ಫೆಬ್ರವರಿಯಲ್ಲಿ ಸೀರಾಂಪುರ ಕಾಲೇಜಿನ ಸಭಾಂಗಣದಲ್ಲಿ ಸಾರ್ವಜನಿಕರ ಮುಂದೆ ನಿಂತು, ಜನರು ಕೇಳುತ್ತಿದ್ದ ಆರು ಪ್ರಶ್ನೆಗಳನ್ನು ತಾವೇ ಎತ್ತಿಕೊಂಡು ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು. ಅಮೆರಿಕವೇ ಏಕೆ, ಒಬ್ಬಳೇ ಏಕೆ, ಜಾತಿಯಿಂದ ಹೊರಹಾಕಿದರೆ ಏನು ಗತಿ, ಬೇರಾರೂ ಮಾಡದ್ದನ್ನು ನೀನೇ ಏಕೆ ಮಾಡಬೇಕು ಎಂಬಂತಹ ಪ್ರಶ್ನೆಗಳವು. ಈ ದೇಶದ ಹೆಂಗಸರಿಗೆ ಹೆಂಗಸರೇ ವೈದ್ಯರಾಗಬೇಕಾದ ಅಗತ್ಯವನ್ನು ವಿವರಿಸಿದರು. ಹಿಂದುವಾಗಿಯೇ ಹೋಗಿ ಹಿಂದುವಾಗಿಯೇ ಮರಳುವೆನೆಂಬ ಮಾತನ್ನೂ ಕೊಟ್ಟರು, ಕೊನೆಯವರೆಗೆ ನಡೆಸಿದರು.

ಆ ಭಾಷಣವು ಪತ್ರಿಕೆಗಳಲ್ಲಿ ಪ್ರಕಟವಾದೊಡನೆ ದೇಶದ ನಾನಾ ಭಾಗಗಳಿಂದ ವಂತಿಗೆಗಳು ಬರತೊಡಗಿದವು. ಅಂಚೆ ಇಲಾಖೆಯ ಮೇಲಧಿಕಾರಿಗಳಾಗಿದ್ದ ಜೇಮ್ಸ್ ಅವರು ಈ ಕಾರ್ಯದಲ್ಲಿ ಆಸ್ಥೆ ವಹಿಸಿದರು. ವೈಸರಾಯ್ ಲಾರ್ಡ್ ರಿಪನ್ ಅವರೇ 200 ರೂಪಾಯಿಗಳನ್ನು ಕೊಟ್ಟರು. 1883ರ ಏಪ್ರಿಲ್ 7ರಂದು ಕಲ್ಕತ್ತೆಯಿಂದ ಹಡಗು ಹೊರಟಿತು. ಜೂನ್ 4ರಂದು ನ್ಯೂಯಾರ್ಕಿನ ಬಂದರಿನಲ್ಲಿ ಕಾರ್ಪೆಂಟರ್ ಅವರು ತಮ್ಮ ಮಗಳನ್ನೇ ಎದುರುಗೊಳ್ಳುವಂತೆ ಎದುರುಗೊಂಡರು.

ವಂತಿಗೆಯ ಹಣವು ಕಡಲು ದಾಟಿಸಬಲ್ಲದು, ಮೂರು ವರ್ಷ ಓದಿಸಲಾರದು. ಸಹಾಯನಿಧಿಗಳನ್ನು ನಡೆಸಿದವರಿಗೆಲ್ಲ ಇದು ಗೊತ್ತಿರುವ ವಿಷಯ. ಸಭೆಯಲ್ಲಿ ಚಪ್ಪಾಳೆಯ ನಡುವೆ ಮೊದಲ ವರ್ಷದ ಶುಲ್ಕ ಕೂಡಿಬಿಡುತ್ತದೆ. ಎರಡನೆಯ ವರ್ಷ ಆ ಹುಡುಗನೋ ಹುಡುಗಿಯೋ ಹಾಸ್ಟೆಲಿನ ಬಿಲ್ಲು ಹಿಡಿದು ಬಂದಾಗ, ಹಿಂದೆಯೇ ಕೊಟ್ಟಾಯಿತಲ್ಲ ಎಂಬ ಮುಖಭಾವ ನಮ್ಮಲ್ಲಿ ಮೂಡುತ್ತದೆ. ನರ್ಸಿಂಗ್, ಫಾರ್ಮಸಿ, ಲ್ಯಾಬೊರೇಟರಿ ತರಬೇತಿಗಳ ವಿದ್ಯಾರ್ಥಿಗಳ ಪಾಡಂತೂ ಇನ್ನೂ ಕಷ್ಟ. ಡಾಕ್ಟರಾಗುವವನಿಗೆ ಕೊಡಲು ಮುಂದೆ ಬರುವ ದಾನಿಗಳು ದಾದಿಯಾಗುವವಳಿಗೆ ಕೊಡಲು ಅಷ್ಟು ಉತ್ಸಾಹ ತೋರುವುದಿಲ್ಲ. ರೋಗಿಯ ಹಾಸಿಗೆಯ ಬಳಿ ರಾತ್ರಿಯೆಲ್ಲ ಎಚ್ಚರವಿರುವವರು ಯಾರೆಂಬುದು ಆಸ್ಪತ್ರೆಯಲ್ಲಿ ಮಲಗೆದ್ದವರಿಗೆ ಗೊತ್ತು.

ಆನಂದೀಬಾಯಿಯವರ ಪುಣ್ಯಕ್ಕೆ ಅಲ್ಲಿ ಹಾಗಾಗಲಿಲ್ಲ. ಫಿಲಡೆಲ್ಫಿಯಾ ನಗರದ ಆ ಕಾಲೇಜು 1850ರಲ್ಲಿ ಸ್ತ್ರೀಯರಿಗೆಂದೇ ಸ್ಥಾಪಿತವಾದುದು. ಜೂನ್ ತಿಂಗಳ ಕೊನೆಯಲ್ಲಿ ಆನಂದೀಬಾಯಿಯವರು ಅದರ ಆಡಳಿತ ಮಂಡಳಿಗೆ ಬರೆದ ಅರ್ಜಿಯಲ್ಲಿ ತಮ್ಮ ಅರ್ಹತೆಯ ಕೊರತೆಗಳನ್ನು ಮುಚ್ಚಿಡಲಿಲ್ಲ. ಶಾಲಾ ಶಿಕ್ಷಣ ಕಡಮೆ, ಕೈಯಲ್ಲಿ ಹಣವಿಲ್ಲ. ಆದರೆ ನನ್ನ ದೇಶದ ಸ್ತ್ರೀಯರಿಗೆ ಬೇಕಾದ ನೆರವನ್ನು ಕಲಿತು ಕೊಂಡೊಯ್ಯಬೇಕೆಂದು ಎಲ್ಲರ ವಿರೋಧವನ್ನು ದಾಟಿ ಬಂದಿದ್ದೇನೆ ಎಂಬ ಅರ್ಥದಲ್ಲಿ ಬರೆದಿದ್ದರು. ಡೀನ್ ಆಗಿದ್ದ ರೇಚೆಲ್ ಬಾಡ್ಲಿಯವರು ರಸಾಯನಶಾಸ್ತ್ರದ ವಿದುಷಿ, ದೊಡ್ಡ ಮನಸ್ಸಿನವರು. ಕಾಲೇಜು ಪ್ರವೇಶದ ಜೊತೆಗೆ ವಿದ್ಯಾರ್ಥಿವೇತನವನ್ನೂ ನೀಡಿತು. ರಜೆಯಲ್ಲಿ ಹೋಗಿ ತಂಗಲು ಕಾರ್ಪೆಂಟರ್ ಅವರ ಮನೆಯಿತ್ತು. ಒಮ್ಮೆ ಕೊಟ್ಟು ಕೈತೊಳೆದುಕೊಳ್ಳದೆ, ಓದು ಮುಗಿಯುವವರೆಗೂ ಹಿಂದೆ ನಿಂತವರು ಇವರು.

ಆ ಮೂರು ವರ್ಷಗಳು ಸುಖದವಾಗಿರಲಿಲ್ಲ. ಫಿಲಡೆಲ್ಫಿಯಾದ ಚಳಿ ನಮ್ಮವರು ಊಹಿಸಲಾರದ್ದು. ಅವರ ಕೊಠಡಿಯಲ್ಲಿದ್ದ ಅಗ್ಗಿಷ್ಟಿಕೆಯು ಬೆಚ್ಚಗೆ ಮಾಡುವುದಕ್ಕಿಂತ ಹೊಗೆ ತುಂಬಿಸುವುದೇ ಹೆಚ್ಚಾಗಿತ್ತು. ಸೀರೆಯನ್ನು ಬಿಡಲಿಲ್ಲ, ಒಂಬತ್ತು ಗಜದ ಮಹಾರಾಷ್ಟ್ರ ಪದ್ಧತಿಯಿಂದ ಕಾಲು ಮುಚ್ಚುವ ಗುಜರಾತಿ ಪದ್ಧತಿಗೆ ಮಾತ್ರ ಬದಲಾಯಿಸಿಕೊಂಡರು. ಮಾಂಸವನ್ನು ಮುಟ್ಟಲಿಲ್ಲ. ಸಸ್ಯಾಹಾರವೆಂದರೆ ಏನೆಂದು ತಿಳಿಯದ ಊರಿನಲ್ಲಿ, ಅಂಗಚ್ಛೇದನದ ತರಗತಿ ಮುಗಿಸಿ ಬಂದು ತಮ್ಮ ಅಡಿಗೆಯನ್ನು ತಾವೇ ಮಾಡಿಕೊಂಡು ಓದಬೇಕಾದ ಆ ಹುಡುಗಿಯನ್ನು ನೆನೆದಾಗ, ಸೂರ್ಯಾಸ್ತದೊಳಗೆ ಊಟ ಮುಗಿಸಬೇಕೆಂದು ಹಾಸ್ಟೆಲುಗಳಲ್ಲಿ ಪರದಾಡುವ ನಮ್ಮ ಮಕ್ಕಳು ನೆನಪಾಗುತ್ತಾರೆ. ಗಂಡನಿಂದ ಬರುತ್ತಿದ್ದ ಪತ್ರಗಳಲ್ಲಿ ಪ್ರೋತ್ಸಾಹದ ಜೊತೆಗೆ ಚುಚ್ಚುಮಾತೂ ಇರುತ್ತಿತ್ತು. ಇವೆಲ್ಲದರ ನಡುವೆ ಮೊದಲೇ ದುರ್ಬಲವಾಗಿದ್ದ ದೇಹಕ್ಕೆ ಕ್ಷಯರೋಗ ತಗಲಿತು.

ಜೊತೆಯಲ್ಲಿ ಕಲಿಯುತ್ತಿದ್ದವರಲ್ಲಿ ಜಪಾನಿನ ಕೇ ಒಕಾಮಿ, ಸಿರಿಯಾದ ಸಬಾತ್ ಇಸ್ಲಾಂಬೂಲಿ ಎಂಬುವರೂ ಇದ್ದರು. ಮೂವರೂ ತಮ್ಮ ತಮ್ಮ ದೇಶದ ಉಡುಪಿನಲ್ಲಿ ಕುಳಿತು 1885ರಲ್ಲಿ ತೆಗೆಸಿಕೊಂಡ ಛಾಯಾಚಿತ್ರವು ಇಂದಿಗೂ ಉಳಿದಿದೆ.

1886ರ ಮಾರ್ಚ್ 11ರಂದು ಆನಂದೀಬಾಯಿಯವರಿಗೆ ಎಂ.ಡಿ. ಪದವಿ ಪ್ರಾಪ್ತವಾಯಿತು. ಅವರ ಪ್ರೌಢಪ್ರಬಂಧದ ವಿಷಯ ಪ್ರಾಚೀನ ಆರ್ಯರ ಪ್ರಸೂತಿಶಾಸ್ತ್ರ. ಪಾಶ್ಚಾತ್ಯ ವಿದ್ಯೆಯನ್ನು ಕಲಿಯಹೋದವರು ತಮ್ಮ ನೆಲದ ಆಯುರ್ವೇದ ಗ್ರಂಥಗಳನ್ನೂ ಆಧಾರವಾಗಿಟ್ಟುಕೊಂಡರು. ಘಟಿಕೋತ್ಸವಕ್ಕೆ ಗೋಪಾಲರಾಯರೂ ಬಂದಿದ್ದರು. ಬಂಧುವಾದ ಪಂಡಿತಾ ರಮಾಬಾಯಿಯವರೂ ಬಂದಿದ್ದರು. ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ನಮ್ಮ ಕಾರ್ಕಳದ ಸೀಮೆಯ ಮಾಳ ಗ್ರಾಮದವರೆಂಬುದನ್ನು ಗೊಮ್ಮಟನ ಊರಿನ ವಾಚಕರಿಗೆ ನೆನಪಿಸಬಯಸುತ್ತೇನೆ. ವಿಕ್ಟೋರಿಯಾ ಮಹಾರಾಣಿಯಿಂದಲೂ ಅಭಿನಂದನೆಯ ಸಂದೇಶ ಬಂದಿತು.

ಅದೇ ಕಾಲಕ್ಕೆ ನಮ್ಮ ದೇಶದಲ್ಲಿಯೂ ಈ ದಾರಿ ತೆರೆಯುತ್ತಿತ್ತು. ಮದರಾಸು ವೈದ್ಯಕೀಯ ಕಾಲೇಜು 1875ರಲ್ಲಿಯೇ ಸ್ತ್ರೀಯರನ್ನು ಸೇರಿಸಿಕೊಂಡಿತ್ತು. ಕಲ್ಕತ್ತೆಯಲ್ಲಿ ಕಾದಂಬಿನಿ ಗಂಗೂಲಿಯವರು ತಿಂಗಳಿಗೆ 20 ರೂಪಾಯಿಗಳ ವಿದ್ಯಾರ್ಥಿವೇತನದಿಂದ ವೈದ್ಯಕೀಯವನ್ನು ಓದಿ 1886ರಲ್ಲಿಯೇ ಉತ್ತೀರ್ಣರಾದರು. 1885ರಲ್ಲಿ ಸ್ಥಾಪನೆಯಾದ ಲೇಡಿ ಡಫರಿನ್ ನಿಧಿಯು ವೈದ್ಯಕೀಯ, ದಾದಿ ಮತ್ತು ಸೂಲಗಿತ್ತಿ ತರಬೇತಿಗೆ ಸೇರುವ ಸ್ತ್ರೀಯರಿಗೆ ಧನಸಹಾಯವನ್ನು ಆರಂಭಿಸಿತು. ರಾಜರೂ ಜಮೀನ್ದಾರರೂ ವರ್ತಕರೂ ಅದಕ್ಕೆ ಹಣ ಕೊಟ್ಟರು. ಇಪ್ಪತ್ತು ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ತಿಂಗಳು ತಪ್ಪದೆ ಬರುತ್ತಿತ್ತೆಂಬುದೇ ಅದರ ಬೆಲೆ.

ಪದವಿ ಪಡೆದ ಆನಂದೀಬಾಯಿಯವರನ್ನು ಕರೆದು ಹುದ್ದೆ ಕೊಟ್ಟದ್ದು ಮತ್ತೆ ಅದೇ ಕೊಲ್ಲಾಪುರ. ಸಂಸ್ಥಾನದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀಯರ ವಿಭಾಗಕ್ಕೆ ಅವರನ್ನು ವೈದ್ಯರನ್ನಾಗಿ ನೇಮಿಸಲಾಯಿತು. 1886ರ ಕೊನೆಯಲ್ಲಿ ಅವರು ಸ್ವದೇಶಕ್ಕೆ ಮರಳಿದಾಗ, ಹೋಗುವಾಗ ನಿಂದಿಸಿದ್ದ ಜನರೇ ಅಕ್ಕರೆಯಿಂದ ಸ್ವಾಗತಿಸಿದರು. ಆದರೆ ರೋಗವು ಮಿತಿಮೀರಿತ್ತು. ಕೊಲ್ಲಾಪುರಕ್ಕೆ ಹೋಗಿ ಅಧಿಕಾರ ವಹಿಸಿಕೊಳ್ಳುವ ಶಕ್ತಿ ದೇಹದಲ್ಲಿ ಉಳಿದಿರಲಿಲ್ಲ. ಪುಣೆಯಲ್ಲಿ ಹಾಸಿಗೆ ಹಿಡಿದರು. ಚಿಕಿತ್ಸೆಗೆ ಹಣದ ಅಡಚಣೆ ಉಂಟಾಯಿತೆಂದು ತಿಳಿದ ಬಾಲಗಂಗಾಧರ ತಿಲಕರು, ಪತ್ರಿಕೆ ನಡೆಸುವ ತಮ್ಮ ವರಮಾನ ಅಲ್ಪವಾದರೂ 100 ರೂಪಾಯಿಗಳನ್ನು ಕೊಡಬಯಸುವುದಾಗಿ ಗೌರವದಿಂದ ಬರೆದರು. ವೈಸರಾಯರ 200 ರೂಪಾಯಿಗಳೂ ತಿಲಕರ ಈ 100 ರೂಪಾಯಿಗಳೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಮೊದಲನೆಯದು ಹೊರಟು ನಿಂತ ಯಾತ್ರಿಕಳಿಗೆ ಕೊಟ್ಟದ್ದು, ಎರಡನೆಯದು ಇನ್ನೇನೂ ಮರಳಿ ಕೊಡಲಾರದವಳಿಗೆ ಕೊಟ್ಟದ್ದು.

1887ರ ಫೆಬ್ರವರಿ 26ರಂದು ಅವರು ಕಾಲವಶರಾದರು. ಇಪ್ಪತ್ತೆರಡು ತುಂಬಲು ಇನ್ನೂ ಒಂದು ತಿಂಗಳಿತ್ತು.

ವರ್ತಕನ ಲೆಕ್ಕದಂತೆ ನೋಡಿದರೆ ಇದು ಪೂರ್ಣ ನಷ್ಟದ ಖಾತೆ. ಅಷ್ಟು ಜನ, ಅಷ್ಟು ವರ್ಷ, ಎರಡು ದೇಶಗಳಲ್ಲಿ ಕೂಡಿಸಿ ಕೊಟ್ಟ ಹಣದಿಂದ ತಯಾರಾದ ವೈದ್ಯೆ ಕೊಲ್ಲಾಪುರದ ಆ ವಿಭಾಗದಲ್ಲಿ ಒಬ್ಬ ರೋಗಿಯನ್ನೂ ನೋಡಲಾಗಲಿಲ್ಲ. ಆಗಲೂ ಹಾಗೆಂದವರು ಇದ್ದಿರಲೇಬೇಕು. ಇಂದೂ ಸಹಾಯ ಪಡೆದ ವಿದ್ಯಾರ್ಥಿ ನಪಾಸಾದರೆ, ಪರದೇಶ ಸೇರಿದರೆ, ಮದುವೆಯಾಗಿ ಕೆಲಸ ಬಿಟ್ಟರೆ ನಮ್ಮ ಸಭೆಗಳಲ್ಲಿ ಇದೇ ಮಾತು ಏಳುತ್ತದೆ. ಕೊಟ್ಟ ಕ್ಷಣಕ್ಕೆ ದಾತೃವಿನ ದಾನ ಪೂರ್ಣವಾಯಿತು, ಫಲವು ಪಾತ್ರದ ಕರ್ಮಾನುಸಾರವೆಂದು ತಿಳಿದವರೂ ಇದನ್ನು ಮರೆಯುತ್ತಾರೆ. ಅಲ್ಲದೆ ಈ ಖಾತೆ ಅಲ್ಲಿಗೇ ಮುಗಿದುದೂ ಅಲ್ಲ. ಅಮೆರಿಕದ ಕ್ಯಾರೊಲಿನ್ ಡಾಲ್ ಎಂಬ ಲೇಖಕಿ 1888ರಲ್ಲಿಯೇ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಮರಾಠಿಯಲ್ಲಿ ಕಾಶೀಬಾಯಿ ಕಾನಿಟ್ಕರ್ ಅವರು ಬರೆದರು. ವೈದ್ಯಕೀಯಕ್ಕೆ ಹೋಗುವ ಹೆಣ್ಣುಮಗಳ ತಾಯಿತಂದೆಗಳಿಗೆ ಹೇಳಲು ಒಂದು ಹೆಸರು ದೊರೆಯಿತು.

ನಮ್ಮ ಸಮಾಜಕ್ಕೂ ಆ ಗಾಳಿ ಬೀಸದೆ ಇರಲಿಲ್ಲ. ಆನಂದೀಬಾಯಿಯವರಿಗಿಂತ ಒಂದೇ ವರ್ಷ ಹಿರಿಯರಾದ, ಮಹುವಾ ಊರಿನ ವೀರಚಂದ ಗಾಂಧಿಯವರು 1893ರಲ್ಲಿ ಚಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ಜೈನಧರ್ಮವನ್ನು ಪ್ರತಿನಿಧಿಸಿದ್ದನ್ನು ನಾವೆಲ್ಲ ಬಲ್ಲೆವು. ಅದೇ ಪ್ರವಾಸದ ವರ್ಷಗಳಲ್ಲಿ ಅವರು ಭಾರತೀಯ ಸ್ತ್ರೀಯರ ವಿದ್ಯಾಭ್ಯಾಸಕ್ಕಾಗಿ ಆ ದೇಶದಲ್ಲಿ ಒಂದು ಸಂಘವನ್ನು ಕಟ್ಟಿದ್ದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವರೂ ಅಲ್ಪಾಯುಗಳೇ, 1901ರಲ್ಲಿ ತೀರಿಕೊಂಡರು. ಇತ್ತ ನಿಪ್ಪಾಣಿಯ ಬಳಿಯ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿ, ಹಳ್ಳಿಯ ಒಕ್ಕಲು ಜೈನರ ಮಕ್ಕಳಿಗೆ ಪಟ್ಟಣಗಳಲ್ಲಿ ಬೋರ್ಡಿಂಗುಗಳನ್ನು ತೆರೆಯುವ ಕಾರ್ಯಕ್ಕೆ ಕೈಹಾಕಿತು. ಶುದ್ಧಾಹಾರ ದೊರೆಯುವ ಒಂದು ಬೋರ್ಡಿಂಗು ಎಷ್ಟು ಮಕ್ಕಳ ಓದನ್ನು ಉಳಿಸಿದೆಯೆಂಬುದನ್ನು ಅಲ್ಲಿದ್ದು ಓದಿದ ಹಿರಿಯರೇ ಹೇಳಬೇಕು.

ಪಂಚಕಲ್ಯಾಣದ ಕಲಶಗಳಿಗೆ ಸವಾಲು ಕೂಗುವಾಗ ನಾವು ಕೈಬಿಚ್ಚಿ ಕೊಡುತ್ತೇವೆ, ಕೊಡುವುದು ಯೋಗ್ಯವೇ. ಆ ನಿಧಿಯ ಪಕ್ಕದಲ್ಲಿ, ವೈದ್ಯಕೀಯ ಮತ್ತು ದಾದಿ ಶಿಕ್ಷಣದ ವಿದ್ಯಾರ್ಥಿಗಳಿಗೆ ಕೋರ್ಸು ಮುಗಿಯುವವರೆಗೆ ವರ್ಷವರ್ಷವೂ ಸಲ್ಲುವಂತಹ ಒಂದು ಪುದುವಟ್ಟನ್ನು ಇರಿಸಬಾರದೇ ಎಂದು ಬಸದಿಯ ಆಡಳಿತ ಮಂಡಳಿಯ ಮುಂದೆ ವಿನಂತಿಸಿಕೊಂಡಿದ್ದೇನೆ. ಪಡೆಯುವವರ ಹೆಸರನ್ನು ಫಲಕದಲ್ಲಿ ಬರೆಯದಿರಲಿ ಎಂಬುದೊಂದೇ ನನ್ನ ಹೆಚ್ಚಿನ ಸೂಚನೆ.

ಆನಂದೀಬಾಯಿಯವರ ಚಿತಾಭಸ್ಮವನ್ನು ಗೋಪಾಲರಾಯರು ಅಮೆರಿಕಕ್ಕೆ ಕಳುಹಿಸಿಕೊಟ್ಟರು. ಕಾರ್ಪೆಂಟರ್ ಅವರು ಅದನ್ನು ನ್ಯೂಯಾರ್ಕ್ ಪ್ರಾಂತದ ಪೊಕೀಪ್ಸಿ ಎಂಬ ಊರಿನಲ್ಲಿ, ತಮ್ಮ ಮನೆತನದವರು ಮಣ್ಣಾಗಿರುವ ಜಾಗದಲ್ಲಿಯೇ ಇರಿಸಿ ಮೇಲೊಂದು ಕಲ್ಲು ನಿಲ್ಲಿಸಿದರು. ವಿದ್ಯೆಗಾಗಿ ಭರತಖಂಡವನ್ನು ಬಿಟ್ಟು ಬಂದ ಮೊದಲ ಬ್ರಾಹ್ಮಣ ಸ್ತ್ರೀ ಎಂಬ ಒಕ್ಕಣೆ ಅದರ ಮೇಲಿದೆ.